ಬುದ್ಧಿ ಬಂದ ಹುಡುಗನೆಂಬ ಕಥೆ

ಮೊಯಿಸೆ ಕೀನ್ ಬಗ್ಗೆ 2024ರಿಂದೀಚೆಗೆ ಬಂದ ಬರಹಗಳಲ್ಲಿ ಹೆಚ್ಚಿನವು ಒಂದೇ ಕಥೆ ಹೇಳುತ್ತವೆ. ಹದಿಹರೆಯದಲ್ಲೇ ಹೆಸರು ಮಾಡಿದ ಹುಡುಗ, ತಲೆಗೇರಿದ ಮದ, ಹಾಳಾದ ವರ್ಷಗಳು, ಕೊನೆಗೆ ಫ್ಲಾರೆನ್ಸಿಗೆ ಬಂದಾಗ ಬುದ್ಧಿ ಬಂತು, ಗೋಲುಗಳೂ ಬಂದವು. ಓದಲು ಹಿತವಾಗಿದೆ. ಆದರೆ ಈ ಕಥೆ ನಿಲ್ಲಬೇಕಾದರೆ ನಡುವಿನ ಒಂದು ವರ್ಷವನ್ನು ಹರಿದು ಹಾಕಬೇಕು.

ಕೀನ್ ಹುಟ್ಟಿದ್ದು 2000ದ ಫೆಬ್ರವರಿ 28ರಂದು, ಉತ್ತರ ಇಟಲಿಯ ವೆರ್ಚೆಲ್ಲಿಯಲ್ಲಿ. ತಂದೆತಾಯಿ ಐವರಿ ಕೋಸ್ಟ್‌ನವರು. 2016ರ ನವೆಂಬರಿನಲ್ಲಿ ಪೆಸ್ಕಾರಾ ವಿರುದ್ಧ ಯುವೆಂಟಸ್ ಪರವಾಗಿ ಮೈದಾನಕ್ಕಿಳಿದಾಗ, ಯುರೋಪಿನ ಐದು ದೊಡ್ಡ ಲೀಗ್‌ಗಳಲ್ಲಿ ಆಡಿದ 2000ದ ದಶಕದ ಮೊದಲ ಮಗುವಾದ. ಮರುವರ್ಷ ಮೇ ತಿಂಗಳಲ್ಲಿ ಬೊಲೊನ್ಯ ವಿರುದ್ಧ ಗೋಲು ಹೊಡೆದು ಅಲ್ಲೂ ಮೊದಲಿಗನಾದ. ಇಂಥ 'ಮೊದಲಿಗ' ಪಟ್ಟಗಳು ಆಟಗಾರನ ಬಗ್ಗೆ ಏನನ್ನೂ ಹೇಳುವುದಿಲ್ಲ, ಕ್ಯಾಲೆಂಡರಿನ ಬಗ್ಗೆ ಹೇಳುತ್ತವೆ. ಆದರೆ ಮುಂದಿನ ಎಂಟು ವರ್ಷ ಅವನನ್ನು ಅಳೆದದ್ದು ಅದೇ ಕೋಲಿನಿಂದ.

2019ರ ಏಪ್ರಿಲ್ 2ರ ರಾತ್ರಿಯನ್ನು ಬಿಟ್ಟು ಈ ವೃತ್ತಿಜೀವನವನ್ನು ಓದಲಾಗದು. ಕಾಲ್ಯಾರಿಯಲ್ಲಿ ಪಂದ್ಯ. ಗ್ಯಾಲರಿಯಿಂದ ಕೋತಿ ಕೂಗು ಕೇಳುತ್ತಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಕೀನ್ ತಂಡದ ಎರಡನೇ ಗೋಲು ಹೊಡೆದ. ಹೊಡೆದವನು ಓಡಲಿಲ್ಲ, ಕುಣಿಯಲಿಲ್ಲ. ಕೂಗುತ್ತಿದ್ದವರ ಎದುರು ಎರಡೂ ಕೈ ಚಾಚಿ ಸುಮ್ಮನೆ ನಿಂತ. ಪಂದ್ಯದ ನಂತರ ಅವನದೇ ತಂಡದ ಹಿರಿಯ ಡಿಫೆಂಡರ್ ಲಿಯೊನಾರ್ಡೊ ಬೊನುಚ್ಚಿ, ತಪ್ಪು ಎರಡೂ ಕಡೆ ಅರ್ಧರ್ಧ ಎಂಬರ್ಥದ ಮಾತಾಡಿದ. ಇಂಗ್ಲೆಂಡಿನ ರಹೀಮ್ ಸ್ಟರ್ಲಿಂಗ್ ಸೇರಿ ಹಲವರು ಅದನ್ನು ಬಹಿರಂಗವಾಗಿ ಟೀಕಿಸಿದ ಮೇಲೆ ಬೊನುಚ್ಚಿ ಸ್ಪಷ್ಟನೆ ಕೊಟ್ಟ. ಸ್ಪಷ್ಟನೆ ಬಂತು, ಆದರೆ ಮೊದಲ ಮಾತು ಉಳಿಯಿತು. ಹತ್ತೊಂಬತ್ತರ ಹುಡುಗ ಅಲುಗಾಡದೆ ನಿಂತದ್ದೇ ಉದ್ಧಟತನ ಎನ್ನಿಸಿಕೊಂಡಿತು. ಆಮೇಲೆ ಅವನಿಂದ ಏನೇ ತಪ್ಪಾದರೂ ಜನ ಆಟದಲ್ಲಿ ಕಾರಣ ಹುಡುಕಲಿಲ್ಲ, ಸ್ವಭಾವದಲ್ಲಿ ಹುಡುಕಿದರು.

ಅದೇ ವರ್ಷದ ಆಗಸ್ಟಿನಲ್ಲಿ ಅವನು ಇಂಗ್ಲೆಂಡಿನ ಎವರ್ಟನ್‌ಗೆ ಹೋದ. ಒಂದೇ ಋತುವಿನಲ್ಲಿ ಮೂವರ ಕೈಕೆಳಗೆ ಆಡಿದ: ಮಾರ್ಕೊ ಸಿಲ್ವ, ಹಂಗಾಮಿಯಾಗಿ ಡಂಕನ್ ಫರ್ಗ್ಯುಸನ್, ನಂತರ ಕಾರ್ಲೊ ಅಂಚೆಲೊಟ್ಟಿ. ಓಲ್ಡ್ ಟ್ರಾಫರ್ಡ್‌ನಲ್ಲಿ ಫರ್ಗ್ಯುಸನ್ ಅವನನ್ನು ಬದಲಿಯಾಗಿ ಇಳಿಸಿ, ಇಪ್ಪತ್ತು ನಿಮಿಷ ತುಂಬುವ ಮೊದಲೇ ವಾಪಸ್ ಕರೆದ. ಲೀಗ್‌ನಲ್ಲಿ ಇಡೀ ವರ್ಷಕ್ಕೆ ಎರಡು ಗೋಲು. 'ಹಾಳಾದ ಪ್ರತಿಭೆ' ಎಂಬ ಮಾತಿಗೆ ಪುರಾವೆ ಸಿಕ್ಕಂತಾಯಿತು.

ಹರಿದು ಹಾಕಬೇಕಾದ ಪುಟ ಬರುವುದು ಇಲ್ಲೇ. 2020-21ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಅವನನ್ನು ಎರವಲು ಪಡೆಯಿತು. ಎಂಬಾಪೆ, ನೇಮಾರ್ ಇದ್ದ ತಂಡದಲ್ಲಿ ಅವನು ಲೀಗಿನಲ್ಲಿ 13 ಗೋಲು ಹೊಡೆದ. ಬಾರ್ಸಿಲೋನಾವನ್ನು ಅದರ ಅಂಗಳದಲ್ಲೇ 4-1ರಿಂದ ಸೋಲಿಸಿದ ರಾತ್ರಿ ಒಂದು ಗೋಲು ಅವನದು. ಬುದ್ಧಿ ಬಂದದ್ದು ಫ್ಲಾರೆನ್ಸಿನಲ್ಲಾದರೆ ಪ್ಯಾರಿಸಿನಲ್ಲಿ ಗೋಲು ಹೊಡೆದವನು ಯಾರು? ಆ ಬೇಸಿಗೆಯಲ್ಲಿ ಇಟಲಿ ಯುರೋ ಕಪ್ ಗೆದ್ದಾಗ ಕೀನ್ ತಂಡದಲ್ಲೇ ಇರಲಿಲ್ಲ.

ನಂತರ ರೊನಾಲ್ಡೊ ಬಿಟ್ಟುಹೋದ ಯುವೆಂಟಸ್‌ಗೆ ವಾಪಸ್. ಕೋಚ್ ಅಲ್ಲೆಗ್ರಿಯ ತಂಡ ಹಿಂದೆ ಸರಿದು ಕಾಯುವ ತಂಡ. 2022ರ ಜನವರಿಯಲ್ಲಿ ಫಿಯೊರೆಂಟಿನಾದಿಂದ ವ್ಲಾಹೊವಿಚ್‌ನನ್ನು ಭಾರೀ ಬೆಲೆಗೆ ತಂದ ಮೇಲೆ ಕೀನ್ ಅವನ ಹಿಂದಿನ ಸಾಲಿಗೆ ಸರಿದ. 2023ರ ಮಾರ್ಚಿನಲ್ಲಿ ರೋಮಾ ವಿರುದ್ಧ ಕೊನೆಯ ಗಳಿಗೆಯಲ್ಲಿ ಇಳಿದು, ನಿಮಿಷದೊಳಗೇ ಎದುರಾಳಿಯನ್ನು ಒದ್ದು ರೆಡ್ ಕಾರ್ಡ್ ತಿಂದ. ಆ ಒದೆತಕ್ಕೆ ಕೋಚ್ ಕಾರಣವಲ್ಲ, ಗ್ಯಾಲರಿಯೂ ಅಲ್ಲ. ತಪ್ಪು ಪೂರ್ತಿ ಅವನದು. 2023-24ರಲ್ಲಿ ಸೀರಿ ಎ ಲೀಗಿನ 19 ಪಂದ್ಯಗಳಲ್ಲಿ ಕಾಣಿಸಿಕೊಂಡ, ಬಹುಪಾಲು ಬದಲಿಯಾಗಿ. ಗೋಲು ಸೊನ್ನೆ.

ಮರುವರ್ಷ ಫಿಯೊರೆಂಟಿನಾದಲ್ಲಿ ಲೀಗ್ ಗೋಲು 19. ಅವನಿಗಿಂತ ಹೆಚ್ಚು ಹೊಡೆದವನು 25 ಗೋಲಿನ ರೆತೇಗಿ ಒಬ್ಬನೇ. ಸೊನ್ನೆಯಿಂದ ಹತ್ತೊಂಬತ್ತಕ್ಕೆ ಒಂದು ಬೇಸಿಗೆಯಲ್ಲಿ ಯಾರ ಗುಣವೂ ಅಷ್ಟು ಬದಲಾಗುವುದಿಲ್ಲ. ಬದಲಾದದ್ದು ಅವನು ನಿಂತ ಜಾಗ. ಕೋಚ್ ರಫಾಯೆಲೆ ಪಲ್ಲದೀನೊ ಅವನನ್ನು ಒಬ್ಬಂಟಿ ಸ್ಟ್ರೈಕರ್ ಆಗಿ ವಾರ ವಾರವೂ ಮೊದಲ ಹನ್ನೊಂದರಲ್ಲಿ ಇಳಿಸಿದ. ತಂಡ ಚೆಂಡು ಕಸಿದ ತಕ್ಷಣ ಮುಂದಿನ ಖಾಲಿ ಜಾಗಕ್ಕೆ ಕಳಿಸುತ್ತಿತ್ತು. ಬೆನ್ನಿಗೆ ಡಿಫೆಂಡರ್‌ನನ್ನು ಅಂಟಿಸಿಕೊಂಡೇ ಓಡಬಲ್ಲ ಕೀನ್‌ಗೆ ಬೇಕಿದ್ದದ್ದು ಅದೇ. ಹತ್ತು ನಿಮಿಷಕ್ಕೆ ಇಳಿದವನು ಒಂದು ಅವಕಾಶ ಕೆಡಿಸಿದರೆ ಅದೇ ಅವನ ಇಡೀ ಪಂದ್ಯ; ತೊಂಬತ್ತು ನಿಮಿಷ ಆಡುವವನು ಮೂರು ಕೆಡಿಸಿ ನಾಲ್ಕನೆಯದನ್ನು ಹೊಡೆಯಬಹುದು. ಸ್ಟ್ರೈಕರ್‌ನ ಕಸುಬೇ ಹಾಗೆ.

2025ರ ಶರತ್ಕಾಲವೂ ಇದನ್ನೇ ತೋರಿಸಿತು. ಗೆಲುವೇ ಕಾಣದ ಫಿಯೊರೆಂಟಿನಾ ಪಟ್ಟಿಯ ತಳಕ್ಕಿಳಿಯಿತು, ಪಲ್ಲದೀನೊ ನಂತರ ಬಂದ ಸ್ತೆಫಾನೊ ಪಿಯೋಲಿ ನವೆಂಬರಿನಲ್ಲಿ ಕೆಲಸ ಕಳೆದುಕೊಂಡ, ಕ್ಲಬ್ಬಿನಲ್ಲಿ ಕೀನ್‌ನ ಗೋಲುಗಳು ಮತ್ತೆ ಅಪರೂಪವಾದವು. ಅದೇ ದಿನಗಳಲ್ಲಿ ಇಟಲಿಯ ನೀಲಿ ಅಂಗಿ ತೊಟ್ಟು ಅವನು ಎಸ್ಟೋನಿಯಾ ವಿರುದ್ಧ ಒಂದು, ಮೂರು ದಿನದ ನಂತರ ಇಸ್ರೇಲ್ ವಿರುದ್ಧ ಎರಡು, ಅಕ್ಟೋಬರಿನಲ್ಲಿ ಎಸ್ಟೋನಿಯಾ ವಿರುದ್ಧ ಇನ್ನೊಂದು ಗೋಲು ಹೊಡೆದ.