ತಪ್ಪು ಎಂದು ಹೇಳಬಲ್ಲ ಒಗಟು

ಸಿನಿಮಾ, ನಾಟಕ, ಪುಸ್ತಕಗಳ ಬಗ್ಗೆ ವಿಮರ್ಶೆ ಬರೆಯುವ ನಾವು ಜನ ಬಿಡುವಿನಲ್ಲಿ ಆಡುವ ಆಟಗಳ ಬಗ್ಗೆ ಬರೆಯುವುದು ಕಡಿಮೆ. ಕ್ರಿಕೆಟ್ ಒಂದನ್ನು ಬಿಟ್ಟರೆ ಉಳಿದವು ಕಾಲಹರಣ ಎಂಬ ಭಾವನೆ ನಮ್ಮಲ್ಲಿದೆ. ಬೆಂಗಳೂರಿನ ಕಂಪನಿಗಳಲ್ಲಿ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೆಲವರು ಮೈಮರೆತು ಆಡುವ 'ಪಝಲ್ ಹಂಟ್' ಎಂಬ ಆಟವಿದೆ. ತಂಡ ಕಟ್ಟಿಕೊಂಡು ಒಗಟುಗಳ ಸರಮಾಲೆಯನ್ನೇ ಬಿಡಿಸುವ ಬೇಟೆ ಇದು. ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬ ಕತೆಗಾರನಿಗೆ ಇದರ ಉಸಾಬರಿ ಏಕೆ ಎಂದು ಕೇಳಬಹುದು. ಉಸಾಬರಿ ಇದೆ. ಕನ್ನಡದ ಅತಿ ದೊಡ್ಡ ಅಂಕಿ ಒಗಟನ್ನು ಕಟ್ಟಿದವನು ನಮ್ಮ ನಂದಿ ಬೆಟ್ಟದ ಬುಡದವನು ಎಂಬ ಹೇಳಿಕೆಯಿದೆ. ಅದನ್ನು ಬಿಡಿಸಲು ಒಂದು ತಂಡವೇ ದುಡಿದಿದೆ. ಆ ದುಡಿಮೆಯನ್ನೂ ಅದರ ಸುತ್ತ ಬೆಳೆದ ಬೆರಗನ್ನೂ ಒಟ್ಟಿಗೆ ನೋಡಿದರೆ ಈ ಹೊಸ ಆಟದ ಬೆಲೆ ತಿಳಿಯುತ್ತದೆ. ಇಂದು ನಮಗೆ ಬಹಳ ಬೇಕಾಗಿರುವ ಒಂದು ಎಚ್ಚರವೂ ತಿಳಿಯುತ್ತದೆ.

ಮೊದಲು ಆಟ ಏನೆಂದು ನೋಡೋಣ. ತಂಡದ ಕೈಗೆ ಒಂದಿಷ್ಟು ಹಾಳೆಗಳು ಸಿಗುತ್ತವೆ. ಒಂದರಲ್ಲಿ ಚಿತ್ರಗಳು, ಇನ್ನೊಂದರಲ್ಲಿ ಬರೀ ಅಂಕಿಗಳು, ಮತ್ತೊಂದರಲ್ಲಿ ಅಡುಗೆ ಸಾಮಾನಿನ ಪಟ್ಟಿ. ಏನು ಮಾಡಬೇಕೆಂದು ಎಲ್ಲೂ ಬರೆದಿರುವುದಿಲ್ಲ. ಅದನ್ನು ಕಂಡುಹಿಡಿಯುವುದೇ ಅರ್ಧ ಕೆಲಸ. ಪ್ರತಿ ಒಗಟಿಗೂ ಒಂದು ಪದವೋ ಪದಗುಚ್ಛವೋ ಉತ್ತರ. ಆ ಉತ್ತರಗಳನ್ನೆಲ್ಲ ಕೂಡಿಸಿದಾಗ ಅವುಗಳೊಳಗಿನ ದೊಡ್ಡ ಒಗಟು ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಬ್ರಾಡ್ ಶೇಫರ್ ಎಂಬ ವಿದ್ಯಾರ್ಥಿ 1981ರಲ್ಲಿ ಆರಂಭಿಸಿದ 'ಮಿಸ್ಟರಿ ಹಂಟ್' ಈ ಬಗೆಯ ಆಟಗಳಲ್ಲಿ ಹೆಸರಾದುದು. ಗೆದ್ದ ತಂಡಕ್ಕೆ ಸಿಗುವುದು ಅಡಗಿಸಿಟ್ಟ ಒಂದು ನಾಣ್ಯ, ಜೊತೆಗೆ ಮುಂದಿನ ವರ್ಷದ ಒಗಟುಗಳನ್ನು ಕಟ್ಟುವ ಹೊಣೆ. ಗೆದ್ದವರ ತಲೆಗೇ ಹೆಚ್ಚಿನ ಕೆಲಸ ಕಟ್ಟುವ ಸ್ಪರ್ಧೆ ಅಪರೂಪ.

ರಸಪ್ರಶ್ನೆ ನಮಗೆ ಗೊತ್ತು. 1983ರಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನಿಂದಾಗಿ ಬೆಂಗಳೂರು ಆ ವಿದ್ಯೆಯ ದೊಡ್ಡ ಕೇಂದ್ರವೂ ಆಯಿತು. ಆದರೆ ರಸಪ್ರಶ್ನೆಯಲ್ಲಿ ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ಸುಮ್ಮನಿರುತ್ತಾನೆ. ಒಗಟಿನ ಬೇಟೆಯಲ್ಲಿ ಪುಸ್ತಕ ತೆರೆಯಬಹುದು, ಯಾರನ್ನಾದರೂ ಕೇಳಬಹುದು. ಅಲ್ಲಿ ಬೇಕಾದದ್ದು ಊಹೆ, ಆ ಊಹೆಯನ್ನು ಪಕ್ಕದವರು ಒಡೆದುಹಾಕಿದಾಗ ಸಹಿಸುವ ಗುಣ. ತಂಡದ ಉತ್ತರವನ್ನು ಆಟ ನಡೆಸುವವರಿಗೆ ಕಳುಹಿಸಿದರೆ ಸರಿ ಅಥವಾ ತಪ್ಪು ಎಂಬ ಮಾತು ವಾಪಸು ಬರುತ್ತದೆ. ಎಷ್ಟೇ ಚಂದದ ಊಹೆಯಾದರೂ ತಪ್ಪೆಂದರೆ ತಪ್ಪು, ಮತ್ತೆ ಮೊದಲಿಂದ ಶುರು. ಈ ಆಟದ ಜೀವ ಇರುವುದು ಈ 'ತಪ್ಪು' ಎಂಬ ಮಾತಿನಲ್ಲೇ ಎಂದು ನನಗನ್ನಿಸುತ್ತದೆ.

ನಮ್ಮ ಮನೆಗಳ ಒಗಟಿನಲ್ಲೂ ಈ ಗುಣವಿತ್ತು. ಕನ್ನಡದ ಮನೆಗಳಲ್ಲಿ ಅದು ಒಗಟು, ದಖನಿ ಆಡುವ ನಮ್ಮ ಮನೆಗಳಲ್ಲಿ ಪಹೇಲಿ. ಅಮೀರ್ ಖುಸ್ರೋನ ಹೆಸರಿನಲ್ಲಿ ನೂರಾರು ಪಹೇಲಿಗಳು ಉತ್ತರ ಹಿಂದೂಸ್ತಾನದಿಂದ ದಖನಿನವರೆಗೆ ಓಡಾಡಿವೆ. ಯಾವುದು ಅವನದು, ಯಾವುದು ನಮ್ಮ ದಾದಿಯರದು ಎಂದು ಬೇರ್ಪಡಿಸುವುದು ಕಷ್ಟ. ಶಿಡ್ಲಘಟ್ಟದ ರೀಲರ್ ಮನೆಯ ಮಗುವಿಗೆ 'ಬಾಗಿಲಿಲ್ಲದ ಮನೆ, ಕಟ್ಟಿದವನಿಗೆ ಬಿಸಿನೀರು, ಬಿಚ್ಚಿದವನಿಗೆ ಕೂಲಿ, ಏನದು?' ಎಂದು ಕೇಳಿದರೆ ರೇಷ್ಮೆಗೂಡು ಎನ್ನಲು ಹೊತ್ತು ಬೇಕಿಲ್ಲ. ಬೇರೆ ಉತ್ತರ ಹೇಳಿದರೆ ಮಗುವೇ ಒಂದೊಂದು ಮಾತನ್ನೂ ಹೊಂದಿಸಿ ನೋಡಿ ಇದಲ್ಲ ಎಂದುಕೊಳ್ಳುತ್ತದೆ. ಅದೇ ಊರಿನ ಬಿಚ್ಚಾಣಿಕೆ ಕೆಲಸವನ್ನು ನೋಡಿದರೆ ತಂಡದ ಅಗತ್ಯವೂ ತಿಳಿಯುತ್ತದೆ. ಬೇಯಿಸಿದ ಗೂಡಿನ ಎಳೆಯ ತುದಿ ಹುಡುಕಬೇಕು. ಆದರೆ ಒಂದು ಗೂಡಿನ ಎಳೆ ಎಷ್ಟು ಸಣ್ಣದೆಂದರೆ ಅದೊಂದರಿಂದ ಸೀರೆಯ ನೂಲು ಆಗುವುದಿಲ್ಲ. ಏಳೆಂಟು ಗೂಡುಗಳ ಎಳೆ ಕೂಡಬೇಕು.

ಎಲ್ಲ ಒಗಟಿನ ವ್ಯವಹಾರವೂ ಇಷ್ಟು ನೇರವಾಗಿರಲಿಲ್ಲ. ಉರ್ದು ಓದಿದ ಹಳಬರಿಗೆ ದೆಹಲಿಯ 'ಶಮಾ' ಮಾಸಿಕದ 'ಅದಬೀ ಮುಅಮ್ಮಾ' ನೆನಪಿರುತ್ತದೆ. ವಾಕ್ಯದಲ್ಲಿ ಒಂದು ಪದ ಬಿಟ್ಟು ಎರಡು ಪದ ಕೊಡುತ್ತಿದ್ದರು, ಸರಿಯಾದದ್ದನ್ನು ಆರಿಸಬೇಕು. ಎರಡೂ ಹೊಂದುತ್ತಿದ್ದವು. ಯಾವುದು ಸರಿ ಎಂಬುದು ಸಂಪಾದಕರ ಲಕೋಟೆಯಲ್ಲಿ ಭದ್ರ. ಉರ್ದು ಮನೆಗಳಲ್ಲಿ ಗಂಡಸರು ಹೆಂಗಸರೆನ್ನದೆ ಕೂಪನ್ ತುಂಬುತ್ತಿದ್ದರು. ಭಾಷೆಯ ಮೇಲೆ ಒಂದಿಷ್ಟು ಪ್ರೀತಿ ಬೆಳೆದದ್ದು ನಿಜ. ಆದರೆ ಅದು ಬುದ್ಧಿಗಿಂತ ಹೆಚ್ಚಾಗಿ ಅದೃಷ್ಟದ ಆಟವಾಗಿತ್ತು.

ಬುದ್ಧಿ ಮತ್ತು ಅದೃಷ್ಟದ ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ, ಅದೂ ಬೆಂಗಳೂರಿನ ಮೂಲಕ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅವರ ಬಹುಮಾನದ ಪದಬಂಧಗಳನ್ನು ಪ್ರಕಟಿಸುತ್ತಿತ್ತು. ಬೊಂಬಾಯಿ ಸರ್ಕಾರ ಅದಕ್ಕೆ ತೆರಿಗೆ ಹಾಕಿತು. 1957ರ ಏಪ್ರಿಲ್ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅದೃಷ್ಟವನ್ನೇ ನಂಬಿದ ಸ್ಪರ್ಧೆ ಜೂಜು, ಅದಕ್ಕೆ ವ್ಯಾಪಾರದ ಹಕ್ಕಿನ ರಕ್ಷಣೆ ಇಲ್ಲ ಎಂದಿತು. ಗಣನೀಯ ಕೌಶಲ ಬೇಡುವ ಸ್ಪರ್ಧೆ ಬೇರೆ ಎಂದೂ ಅದೇ ದಿನದ ಇನ್ನೊಂದು ತೀರ್ಪು ಸ್ಪಷ್ಟಪಡಿಸಿತು. ಆ ಎರಡನೆಯ ತೀರ್ಪು 1955ರ ಬಹುಮಾನ ಸ್ಪರ್ಧೆಗಳ ಕಾಯಿದೆಯ ಕುರಿತದ್ದು. ತಿಂಗಳಿಗೆ ಒಟ್ಟು 1000 ರೂಪಾಯಿಗಿಂತ ಹೆಚ್ಚು ಬಹುಮಾನ ಕೊಡಬಾರದೆಂದು ಆ ಕಾಯಿದೆ ಮಿತಿ ಹಾಕಿತ್ತು. ಬಿಡಿಸುವವನು ತನ್ನ ಉತ್ತರವನ್ನು ತಾನೇ ಪರೀಕ್ಷಿಸಬಲ್ಲನೇ ಎಂಬ ಪ್ರಶ್ನೆ ಈ ಕಾನೂನಿನ ವ್ಯತ್ಯಾಸದ ಹಿಂದೆಯೂ ಇದೆ.

ಪರೀಕ್ಷಿಸಬಲ್ಲ ಒಗಟಿಗೆ ಒಂದು ಒಳ್ಳೆಯ ಉದಾಹರಣೆ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿದೆ. ಉರ್ದು, ಫಾರ್ಸಿ, ಅರಬ್ಬಿ ಅಕ್ಷರಗಳಿಗೆ ಅಬ್ಜದ್ ಕ್ರಮದಲ್ಲಿ ಬೆಲೆಯಿದೆ. ಅಲಿಫ್ ಅಂದರೆ 1, ಬೇ ಅಂದರೆ 2, ಹೀಗೆ 1000ದವರೆಗೆ. ಹೈದರಾಲಿಯ ಸಮಾಧಿಯ ಶಾಸನ ಅವನ ಹೆಸರಿನಲ್ಲೇ ಸಾವಿನ ಹಿಜರಿ ವರ್ಷವನ್ನು ಅಡಗಿಸಿದೆ. ಕೂಡಿ ನೋಡಿ: ಹೈದರ್ 222, ಅಲಿ 110, ಖಾನ್ 651, ಬಹಾದುರ್ 212. ಒಟ್ಟು 1195. ಆದರೆ ಚರಿತ್ರೆಕಾರರು ಕೊಡುವ ದಿನ 1782ರ ಡಿಸೆಂಬರ್ 7. ಅದು ಬೀಳುವುದು ಹಿಜರಿ 1196 ಮುಗಿಯುವ ಹೊತ್ತಿಗೆ. ಅಂದರೆ ಕವಿಯ ಲೆಕ್ಕ ಒಂದು ವರ್ಷ ಹಿಂದೆ ಬಿದ್ದಿದೆ. ಇದರಿಂದ ಶಾಸನದ ಸೊಗಸಿಗೆ ಏನೂ ಕುಂದಿಲ್ಲ. ಅಬ್ಜದ್ ಕಲಿತ ಉರ್ದು ಶಾಲೆಯ ಹುಡುಗಿಯೂ ಅದನ್ನು ಬಿಡಿಸಬಲ್ಲಳು, ಲೆಕ್ಕ ತಾಳೆಯಾಗಿಲ್ಲ ಎಂದೂ ಹೇಳಬಲ್ಲಳು. ಎರಡಕ್ಕೂ ಅವಕಾಶ ಕೊಟ್ಟದ್ದೇ ಅದರ ಹೆಚ್ಚುಗಾರಿಕೆ.

ಈಗ ನಮ್ಮ ಜಿಲ್ಲೆಯ ಒಗಟಿಗೆ ಬರೋಣ. 'ಸಿರಿಭೂವಲಯ' ಎಂಬ ಜೈನ ಕೃತಿಯನ್ನು ರಚಿಸಿದ ಕುಮುದೇಂದು ಮುನಿ ನಂದಿ ಬಳಿಯ ಯಲವಳ್ಳಿಯವನು ಎಂದು ಹೇಳುತ್ತಾರೆ. ಈ ಕೃತಿಯಲ್ಲಿ ಅಕ್ಷರವೇ ಇಲ್ಲ. ಉದ್ದಕ್ಕೆ 27, ಅಡ್ಡಕ್ಕೆ 27, ಒಟ್ಟು 729 ಮನೆಗಳ ಚೌಕಗಳು, ಅವುಗಳ ತುಂಬ 1ರಿಂದ 64ರವರೆಗಿನ ಅಂಕಿಗಳು. ಪ್ರತಿ ಅಂಕಿಗೂ ಒಂದು ಧ್ವನಿ: 27 ಸ್ವರ, 33 ವ್ಯಂಜನ, 4 ಯೋಗವಾಹ. ಯಾವ ಮನೆಯಿಂದ ಹೊರಟು ಯಾವ ದಾರಿಯಲ್ಲಿ ಓದಬೇಕೆಂಬುದಕ್ಕೆ 'ಬಂಧ'ಗಳಿವೆ. ದಾರಿ ಸಿಕ್ಕರೆ ಕನ್ನಡ ಸಾಂಗತ್ಯದ ಪದ್ಯಗಳು ಹೊರಬೀಳುತ್ತವೆ. ಆ ಪದ್ಯಗಳ ಮೊದಲ ಅಕ್ಷರಗಳನ್ನು ಮೇಲಿಂದ ಕೆಳಗೆ ಓದಿದರೆ ಪ್ರಾಕೃತ, ನಡುವಿನ ಅಕ್ಷರಗಳನ್ನು ಓದಿದರೆ ಸಂಸ್ಕೃತ. ಪಂಡಿತ ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ, ಕೆ. ಅನಂತಸುಬ್ಬರಾವ್ ಮೊದಲಾದವರು ಸೇರಿ ದುಡಿದರು. ಮೊದಲ ಸಂಪುಟ 1953ರಲ್ಲಿ ಬೆಂಗಳೂರಿನಿಂದ ಪ್ರಕಟವಾಯಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಪೆನ್ಸಿಲ್ಲು, ಚೌಕದ ಹಾಳೆ ಹಿಡಿದು ಮಾಡಿದ ಕೆಲಸ. ಇದಕ್ಕಿಂತ ದೊಡ್ಡ ಒಗಟಿನ ಬೇಟೆ ಕನ್ನಡದಲ್ಲಿ ನಡೆದದ್ದು ನಾನು ಕಂಡಿಲ್ಲ. ಛಂದಸ್ಸಿಗೆ ಹೊಂದುವ ಪದ್ಯ ಪುಟದ ಮೇಲೆ ಪುಟ ಬರುತ್ತಿದ್ದರೆ ದಾರಿ ಸರಿಯಿದೆ ಎಂದೇ ಅರ್ಥ. ಅಷ್ಟರ ಮಟ್ಟಿಗೆ ಒಗಟು ತಾನೇ 'ಸರಿ' ಎಂದಿದೆ.

ಆದರೆ ಬೆರಗು ಅಲ್ಲಿಗೆ ನಿಲ್ಲಲಿಲ್ಲ. ಇದರಲ್ಲಿ 718 ಭಾಷೆಗಳಿವೆ, ಅಣುವಿಜ್ಞಾನವಿದೆ, ವಿಮಾನವಿದ್ಯೆಯಿದೆ ಎಂಬ ಮಾತುಗಳು ಹಬ್ಬಿದವು. ಕೃತಿ 9ನೆಯ ಶತಮಾನದ್ದು ಎಂಬ ವಾದವೂ ಗಟ್ಟಿಯಾಯಿತು. ಸಾಂಗತ್ಯದಲ್ಲಿ ಬರೆದ ಮೊದಲಿಗನೆಂದು ಸಾಹಿತ್ಯ ಚರಿತ್ರೆಗಳು ಹೇಳುವ ಶಿಶುಮಾಯಣ 13ನೆಯ ಶತಮಾನದವನು ಎಂಬುದನ್ನು ಎದುರಿಗಿಟ್ಟರೆ ಆ ಕಾಲನಿರ್ಣಯಕ್ಕೆ ಉತ್ತರ ಕೊಡಬೇಕಾಗುತ್ತದೆ. ಹೊರಗಿನ ಓದುಗನೊಬ್ಬ ಅದೇ ಚೌಕ ಹಿಡಿದು ಅದೇ ದಾರಿಯಲ್ಲಿ ನಡೆದು ತಲುಪಬಹುದಾದದ್ದು ಮಾತ್ರ ಬಿಡಿಸಿದ ಒಗಟು. 718ರ ಪಟ್ಟಿಯನ್ನು ಹಾಗೆ ಯಾರೂ ನಡೆದು ತೋರಿಸಿಲ್ಲ. ಹೀಗೆನ್ನುವುದು ಕುಮುದೇಂದುವಿಗೆ ಅವಮಾನವಲ್ಲ. 729 ಮನೆಗಳೊಳಗೆ ಮೂರು ಭಾಷೆಗಳನ್ನು ಹೆಣೆದ ಕವಿಗೆ ವಿಮಾನದ ಹಂಗು ಬೇಕಿಲ್ಲ.

ಈ ಚಾಳಿ ಒಂದು ಸಮುದಾಯದ್ದಲ್ಲ, ನಮ್ಮ ಮನೆಯಲ್ಲೂ ಇದೆ. ರಶಾದ್ ಖಲೀಫಾ ಎಂಬ ಈಜಿಪ್ಟ್ ಮೂಲದ ಅಮೆರಿಕದ ವಿಜ್ಞಾನಿ 1970ರ ದಶಕದಲ್ಲಿ ಕುರ್‌ಆನ್ ಪೂರ್ತಿ 19ರ ಲೆಕ್ಕದಲ್ಲಿ ಕಟ್ಟಲ್ಪಟ್ಟಿದೆ ಎಂದು ಸಾರಿದ. ನಮ್ಮ ಸಣ್ಣ ಊರುಗಳವರೆಗೂ ಆ ಮಾತು ಬಂದಿತ್ತು. ಕೇಳಿದವರು ಸುಬ್‌ಹಾನಲ್ಲಾಹ್ ಎಂದಿದ್ದರು. ಕೊನೆಗೆ ಲೆಕ್ಕ ಕೂಡದಿದ್ದಾಗ ಆತ ತೌಬಾ ಸೂರಾದ ಕೊನೆಯ ಎರಡು ಆಯತ್‌ಗಳನ್ನೇ ಸೇರ್ಪಡೆ ಎಂದು ತಳ್ಳಿಹಾಕಿದ. ಉಲಮಾಗಳು ಅವನನ್ನು ತಿರಸ್ಕರಿಸಿದ್ದು ಧರ್ಮದ ಕಾರಣಕ್ಕೆ. ಒಗಟಿನ ನಿಯಮದಲ್ಲೂ ಅವನು ಸೋತಿದ್ದ. ಉತ್ತರ ಹೊಂದದಿದ್ದಾಗ ಉತ್ತರ ಬಿಡಬೇಕು, ಪ್ರಶ್ನೆಯ ಹಾಳೆ ಹರಿಯಬಾರದು.

ಇಂದು ಮೊಬೈಲಿನಲ್ಲಿ ಓಡಾಡುವ ಸಂದೇಶಗಳ ಸ್ವಭಾವವೂ ಇದೇ. ಯಾವುದೋ ದರ್ಗಾದ ಕಂಬ, ಯಾವುದೋ ಅಂಗಡಿಯ ಹೆಸರು, ಜನಗಣತಿಯ ಒಂದು ಅಂಕಿ. ಇವನ್ನು ಜೋಡಿಸಿ ಗುಟ್ಟೊಂದು ಬಯಲಾಯಿತೆಂದು ಹೇಳುತ್ತಾರೆ. ಅಮೆರಿಕದ ಕ್ಯೂ-ಅನಾನ್ ಪಿತೂರಿ ಕತೆಗಳ ಬಗ್ಗೆ ಆಟಗಳನ್ನು ರಚಿಸುವ ರೀಡ್ ಬರ್ಕೊವಿಟ್ಜ್ 2020ರಲ್ಲಿ ಬರೆಯುತ್ತ, ಅದು ಒಗಟಿನ ಆಟದ ರುಚಿಯನ್ನೇ ತೋರಿಸಿ ಜನರನ್ನು ಸೆಳೆಯುತ್ತದೆ ಎಂದಿದ್ದರು. ಸುಳಿವು ಹುಡುಕುವ ಉತ್ಸಾಹ, ಗೆಳೆಯರ ಗುಂಪು, 'ಆಹಾ' ಎನ್ನುವ ಕ್ಷಣ ಎಲ್ಲವೂ ಅಲ್ಲಿವೆ. ಇಲ್ಲದಿರುವುದು ತಪ್ಪೆಂದು ಹೇಳುವವರು ಮಾತ್ರ. ಅಂಥ ಆಟದಲ್ಲಿ ಸೋಲಿಲ್ಲ. ಅದರ ಬೆಲೆ ತೆರುವವನು ಆಟದ ಹೊರಗಿರುತ್ತಾನೆ, ಆ ಅಂಗಡಿಯ ಯಜಮಾನ, ಆ ದರ್ಗಾದ ಪಕ್ಕದ ಮನೆಯವನು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದರು. ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರ ಜೀವನದ ಸಾರ. ಅದೇ ಗೌರಿಬಿದನೂರಿನಲ್ಲಿ 1960ರ ದಶಕದಿಂದ ಭೂಕಂಪನ ಅಳೆಯುವ ಉಪಕರಣಗಳ ಸಾಲಿದೆ. ಒಂದೇ ಉಪಕರಣ ನಡುಗಿದರೆ ಲಾರಿ ಹೋಗಿರಬಹುದು. ದೂರದೂರದ ಹಲವು ಉಪಕರಣಗಳು ಒಂದೇ ಅಲೆಯನ್ನು ತಕ್ಕ ಅಂತರದಲ್ಲಿ ದಾಖಲಿಸಿದಾಗ ಮಾತ್ರ ಕಂಪನ ಎಲ್ಲಿಯದೆಂದು ತಿಳಿಯುತ್ತದೆ. ತಂಡವೆಂದರೂ ಹೀಗೇ ಇರಬೇಕು. ಎಲ್ಲರೂ ಒಂದೇ ಕಡೆ ನಿಂತ ಗುಂಪಿನಲ್ಲಿ ಪರಸ್ಪರ ಪರೀಕ್ಷೆ ನಡೆಯುವುದಿಲ್ಲ.

ಈಗಿನ ಒಗಟಿನ ಬೇಟೆಗಳ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲಿಯೇ. ಅವು ಇಂಗ್ಲಿಷಿನ ಕಾಗುಣಿತ, ಅಮೆರಿಕದ ಸಿನಿಮಾ, ಅಲ್ಲಿನ ಹಾಡುಗಳ ಮೇಲೆ ನಿಂತಿವೆ. ಆಡುವವರು ಒಂದೇ ಬಗೆಯ ಶಾಲೆಯಿಂದ ಬಂದವರು. ಪಕ್ಕದ ಶಿಡ್ಲಘಟ್ಟದ ಚುರುಕು ಹುಡುಗನಿಗೆ ಅಲ್ಲಿ ಬಾಗಿಲಿಲ್ಲ. ಆದರೆ ಈ ಆಟಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ತುಂಬಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಮನೆಯಲ್ಲಿ ದಖನಿ ಆಡುವವರು ಇಲ್ಲಿ ಸಾವಿರಾರು. ಅಬ್ಜದ್ ಲೆಕ್ಕ ಒಬ್ಬಳಿಗೆ, ಸಾಂಗತ್ಯದ ಮಾತ್ರೆ ಇನ್ನೊಬ್ಬನಿಗೆ, ತೆಲುಗು ಸಾಮೆತೆ ಮತ್ತೊಬ್ಬರಿಗೆ ಗೊತ್ತಿರುವಂತೆ ಒಗಟು ಕಟ್ಟಿದರೆ ಒಂದೇ ಗಲ್ಲಿಯ ತಂಡ ಗೆಲ್ಲಲಾರದು. ಗೆಲ್ಲಬೇಕಾದರೆ ಪಕ್ಕದ ಗಲ್ಲಿಯವರನ್ನು ಕರೆಯಲೇಬೇಕು.

ಇದಕ್ಕೆ ದೊಡ್ಡ ಖರ್ಚಿಲ್ಲ. ನಮ್ಮ ನಾಲ್ಕು ಊರುಗಳ ಪೈಕಿ ಯಾವುದೇ ಹೈಸ್ಕೂಲಿನ ಸಭಾಂಗಣ, ಒಂದು ಭಾನುವಾರ, ಇಪ್ಪತ್ತು ಹಾಳೆ ಸಾಕು. ಒಗಟು ಕಟ್ಟುವವರು ಎರಡು ನಿಯಮ ಪಾಲಿಸಲಿ. ಬಹುಮಾನದ ಹಣ ಬೇಡ, ಗೆದ್ದ ತಂಡ ಮುಂದಿನ ವರ್ಷದ ಒಗಟು ಕಟ್ಟಲಿ. ಆಟ ಮುಗಿದ ಮೇಲೆ ಪ್ರತಿ ಉತ್ತರಕ್ಕೂ ದಾರಿ ಯಾವುದಾಗಿತ್ತೆಂದು ಎಲ್ಲರೆದುರು ತೋರಿಸಲಿ. ತನ್ನ ಊಹೆ ತಪ್ಪೆಂದು ಹತ್ತು ಸಲ ಕೇಳಿಸಿಕೊಂಡು, ಹನ್ನೊಂದನೆಯ ಸಲ ಗೆಳೆಯನ ಮಾತಿನಿಂದ ಸರಿದಾರಿ ಹಿಡಿದ ಮಗು, ನಾಳೆ ಮೊಬೈಲಿಗೆ ಬಂದ 'ಗುಟ್ಟು'ವನ್ನು ಮುಂದಕ್ಕೆ ಕಳುಹಿಸುವ ಮೊದಲು ಇದನ್ನು ಪರೀಕ್ಷಿಸುವುದು ಹೇಗೆ ಎಂದು ಒಮ್ಮೆ ಕೇಳಿಕೊಳ್ಳಬಹುದು. ಆ ಒಂದು ಅಭ್ಯಾಸ ಕಲಿಸಿದರೆ ಸಾಕು, ಈ ಆಟವನ್ನು ಕಾಲಹರಣ ಎನ್ನಲಾಗದು.