ಹಣಮಪ್ಪನ ಗುಡಿ ಹಿಂದ ಮಿರಗ

ಹೋದ ವರ್ಷ ಜನವರಿಯಲ್ಲಿ ನಾನು ಹಾಕಿದ್ದ ಒಂದು ಫೋಟೋ ನಿಮ್ಮಲ್ಲಿ ಕೆಲವರ ಕಣ್ಣಿಗೂ ಬಿದ್ದಿರಬಹುದು. ನವಲಗುಂದ ತಾಲೂಕಿನ ನಮ್ಮೂರಿನ ಹಣಮಪ್ಪನ ಗುಡಿ. ಅದರ ಶಿಖರದ ಹಿಂದೆ, ಹತ್ತಿರಹತ್ತಿರ ಗುಡಿಯಷ್ಟೇ ದೊಡ್ಡದಾಗಿ, ಕೆಂಪು-ನೀಲಿಯಾಗಿ ಅರಳಿದ ಒರಾಯನ್ ನೀಹಾರಿಕೆ. ಅದರ ಮೇಲೆ ಸಾಲಾಗಿ ಮೂರು ನಕ್ಷತ್ರ. ಕೆಳಗೆ 'ನಮ್ಮೂರ ಆಕಾಶ' ಅಂತ ಒಂದು ಸಾಲು. ನನ್ನ ಯಾವ ಫೋಟೋಕ್ಕೂ ಅಷ್ಟು ಲೈಕ್ ಬಂದಿರಲಿಲ್ಲ. ಆಫೀಸಿನಲ್ಲಿ ಒಬ್ಬರು ಅದನ್ನ ಲ್ಯಾಪ್‌ಟಾಪಿನ ವಾಲ್‌ಪೇಪರ್ ಮಾಡಿಕೊಂಡರು. ಒಂದು ತಿಂಗಳು ಅದೇ ಹಿಗ್ಗಿನಲ್ಲಿದ್ದೆ.

ಶಿವರಾತ್ರಿಗೆ ಊರಿಗೆ ಹೋದಾಗ ಕಾಕಾಗೆ ಮೊಬೈಲಿನಲ್ಲಿ ತೋರಿಸಿದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದು ನಮ್ಮ ಹಣಮಪ್ಪನ ಗುಡಿ ಹೌದಲ್ಲೋ?"

"ಹೌದು ಕಾಕಾ."

"ಹಂಗಾರ ಈ ಮೂರು ಚಿಕ್ಕಿ ಅಲ್ಲಿ ಹ್ಯಾಂಗ ಬಂದ್ವು? ಹಣಮಪ್ಪ ದಕ್ಷಿಣಕ್ಕ ಮಾರಿ ಮಾಡಿ ನಿಂತಾನ. ಅವನ ಮುಂದ ನಿಂತು ನೋಡಿದ್ರ ಹಿಂದ ಇರೂದು ಉತ್ತರ. ಇವು ಮೂಡಣಕ್ಕ ಹುಟ್ಟಿ, ನೆತ್ತಿ ಸನೇಕ ಹಾದು, ಪಡುವಣಕ್ಕ ಮುಳಗತಾವ. ಉತ್ತರಕ್ಕ ಎಂದ ಹೋಗಿದ್ವು?"

ಅಷ್ಟು ಕೇಳಿ ಮೊಬೈಲ್ ವಾಪಸ್ ಕೊಟ್ಟು ಎಲೆ-ಅಡಿಕೆ ಚೀಲ ಬಿಚ್ಚಿದರು. ಬೈಯಲಿಲ್ಲ, ನಗಲೂ ಇಲ್ಲ. ಮಲಪ್ರಭಾ ಕಾಲುವೆ ನೀರಿನ ಪಾಳಿ ಕಾಯುತ್ತ ಹೊಲದಲ್ಲಿ ಎಷ್ಟೋ ರಾತ್ರಿ ಕಳೆದ ಮನುಷ್ಯ. ಯಾವ ಚಿಕ್ಕಿ ಎಲ್ಲಿಗೆ ಬಂದರೆ ಎಷ್ಟು ಹೊತ್ತಾಯಿತು ಅನ್ನೋದು ಅವರಿಗೆ ಗಡಿಯಾರ ಇದ್ದಂಗೆ. ನಾನು ಅಂಗಳಕ್ಕೆ ಬಂದು ತಲೆ ಎತ್ತಿದರೆ ಮೂರೂ ನಕ್ಷತ್ರ ನೆತ್ತಿಯಿಂದ ತುಸು ದಕ್ಷಿಣಕ್ಕೆ ನಿಂತಿದ್ದವು. ಗುಡಿಯ ಶಿಖರದ ಹಿಂದೆ ಎಂದೂ ಹೋಗದ ಜಾಗದಲ್ಲಿ.

ಆ ಫೋಟೋದಲ್ಲಿ ಏನು ತಪ್ಪು, ಏನು ತಪ್ಪಲ್ಲ ಅಂತ ಈಗ ಯೋಚಿಸುತ್ತಿದ್ದೇನೆ. ಅದರ ಮೂಲಕ ನಾವು ಹವ್ಯಾಸಿಗಳು ದಿನಾ ಹಂಚಿಕೊಳ್ಳುವ ಇಂಥ ನೂರಾರು ಚಿತ್ರಗಳ ಬಗ್ಗೆಯೂ.

ಮೊದಲು ಬಣ್ಣದ ತಕರಾರು, ಯಾಕಂದರೆ ಎಲ್ಲರೂ ಕೇಳೋದು ಅದನ್ನೇ: "ನಿಜಕ್ಕೂ ಅಷ್ಟು ಕೆಂಪಗಿರತ್ತಾ, ಇಲ್ಲಾ ಫೋಟೋಶಾಪಾ?" ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡಿದರೆ ಒರಾಯನ್ ನೀಹಾರಿಕೆ ಬೂದು ಬಣ್ಣದ ಒಂದು ಮಬ್ಬು, ಹೆಚ್ಚೆಂದರೆ ತುಸು ಹಸಿರು. ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಅಷ್ಟೇ. ಆದರೆ ಅಲ್ಲಿಯ ಹೈಡ್ರೋಜನ್ 656.3 ನ್ಯಾನೋಮೀಟರಿನ ಕೆಂಪು ಬೆಳಕು ಸೂಸುತ್ತಿರುವುದು ನಿಜ. ತಮಾಷೆ ಅಂದರೆ ಅಂಗಡಿಯಲ್ಲಿ ಸಿಗುವ ಸಾದಾ ಕ್ಯಾಮೆರಾದ ಸೆನ್ಸರಿನ ಮುಂದಿರುವ ಫಿಲ್ಟರ್ ಆ ಕೆಂಪಿನ ಬಹುಭಾಗವನ್ನು ತಡೆದುಬಿಡುತ್ತದೆ, ಇಲ್ಲದಿದ್ದರೆ ಮನುಷ್ಯರ ಮುಖ ವಿಚಿತ್ರವಾಗಿ ಬರುತ್ತವೆ. ನಾನು ಹಳೇ ಕ್ಯಾಮೆರಾದ ಆ ಫಿಲ್ಟರನ್ನು ಬದಲಿಸಿಕೊಂಡಿದ್ದೇನೆ. 135 ಮಿಲಿಮೀಟರ್ ಲೆನ್ಸ್, ಭೂಮಿ ತಿರುಗಿದಂತೆ ಕ್ಯಾಮೆರಾವನ್ನೂ ತಿರುಗಿಸುವ ಒಂದು ಟ್ರ್ಯಾಕರ್, ಒಂದೊಂದು ನಿಮಿಷದ ಸುಮಾರು 100 ಫ್ರೇಮು. ಇವನ್ನೆಲ್ಲ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದರೆ ಫೋಟೋದ ಗದ್ದಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀಹಾರಿಕೆಯ ಬೆಳಕು ಮಾತ್ರ ಹಾಗೇ ಉಳಿಯುತ್ತದೆ. ಅಲ್ಲಿ ಇರದಿದ್ದದ್ದನ್ನು ಸೇರಿಸಿದಂತಲ್ಲ. ಇದ್ದದ್ದನ್ನೇ ಕಾದು ಕೂಡಿಸಿದ್ದು. ಹಾಗಾಗಿ ಕೆಂಪಿನ ವಿಷಯದಲ್ಲಿ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ಈ ಕಾಯುವ ಕೆಲಸ ಹೊಸದೂ ಅಲ್ಲ. ಇದೇ ನೀಹಾರಿಕೆಯ ಮೊದಲ ಫೋಟೋ ತೆಗೆದದ್ದು ನ್ಯೂಯಾರ್ಕಿನ ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30ರಂದು. ವೃತ್ತಿಯಲ್ಲಿ ವೈದ್ಯ, ಖಗೋಳದಲ್ಲಿ ಹವ್ಯಾಸಿ. 51 ನಿಮಿಷ ಪ್ಲೇಟಿಗೆ ಬೆಳಕು ಬಿಟ್ಟಿದ್ದ. ಮೂರು ವರ್ಷ ಕಳೆದು 1883ರಲ್ಲಿ ಇಂಗ್ಲೆಂಡಿನ ಆಂಡ್ರೂ ಕಾಮನ್ ಅದಕ್ಕಿಂತ ಎಷ್ಟೋ ಒಳ್ಳೆಯದನ್ನು ತೆಗೆದ. ಆತ ಸ್ಯಾನಿಟರಿ ಎಂಜಿನಿಯರ್, ಅಂದರೆ ವಾರವಿಡೀ ಬೇರೆ ಕೆಲಸ ಮಾಡಿ ರಾತ್ರಿ ಆಕಾಶ ನೋಡುತ್ತಿದ್ದ ನಮ್ಮಂಥವನೇ. ಟೆಲಿಸ್ಕೋಪಿಗೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಅವನ ಪ್ಲೇಟಿನಲ್ಲಿ ಮೂಡಿದ್ದವು. ಕಣ್ಣಿಗಿಂತ ಹೆಚ್ಚು ಕಾಣುವ ಫೋಟೋ ಸುಳ್ಳು ಅನ್ನುವ ಮಾತು ಆವತ್ತಿಗೇ ಮುಗಿಯಬೇಕಿತ್ತು.

ಇನ್ನೊಂದು ಬಗೆಯ ಬಣ್ಣ ಇದೆ. 1995ರಲ್ಲಿ ಹಬಲ್ ತೆಗೆದ, 'ಸೃಷ್ಟಿಯ ಸ್ತಂಭಗಳು' ಅಂತ ಹೆಸರಾದ ಚಿತ್ರವನ್ನು ನೀವು ನೋಡೇ ಇರುತ್ತೀರಿ. ಅದರಲ್ಲಿ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಅಂತ ವಿಜ್ಞಾನಿಗಳೇ ಹಂಚಿಕೊಟ್ಟರು. ನಿಜದಲ್ಲಿ ಕೆಂಪಗಿರುವ ಹೈಡ್ರೋಜನ್ನು ಹಸಿರಾಯಿತು. ಇದರಲ್ಲೂ ಮೋಸ ಇಲ್ಲ, ಯಾಕಂದರೆ ಯಾವ ಬಣ್ಣ ಯಾವುದಕ್ಕೆ ಅಂತ ಹೇಳೇ ಕೊಟ್ಟಿದ್ದರು. ಕಲಘಟಗಿ ತೊಟ್ಟಿಲಿಗೆ ಅರಗಿನ ಕೆಂಪು-ಹಳದಿ ಬಳಿದಾಗ ಮರ ಹಾಗೇ ಹುಟ್ಟಿತ್ತು ಅಂತ ಯಾರೂ ತಿಳಿಯುವುದಿಲ್ಲವಲ್ಲ, ಹಾಗೆ.

ನನ್ನ ತಕರಾರು ಆ ಚಿತ್ರದಿಂದ ನಾವು ಕಲಿತ ಚಾಳಿಯ ಮೇಲೆ. ಎಲಿಜಬೆತ್ ಕೆಸ್ಲರ್ ಅನ್ನುವ ವಿದ್ವಾಂಸೆ 2012ರಲ್ಲಿ ಹಬಲ್ ಚಿತ್ರಗಳ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಈ ಚಿತ್ರಗಳು 19ನೇ ಶತಮಾನದಲ್ಲಿ ಅಮೆರಿಕದ ಪಶ್ಚಿಮ ಭಾಗದ ಬಂಡೆ-ಕಣಿವೆಗಳನ್ನು ಬರೆದ ಥಾಮಸ್ ಮೊರಾನ್, ಆಲ್ಬರ್ಟ್ ಬಿಯರ್‌ಸ್ಟಾಟ್‌ರ ವರ್ಣಚಿತ್ರಗಳನ್ನು ಹೋಲುತ್ತವೆ ಅನ್ನುವುದು ಅವರ ವಾದ. ಆಕಾಶದಲ್ಲಿ ಮೇಲು-ಕೆಳಗು ಇಲ್ಲ. ಆದರೂ ಸ್ತಂಭ ನೆಟ್ಟಗೆ ನಿಲ್ಲಬೇಕು, ಬೆಳಕು ಮೇಲಿನಿಂದ ಬೀಳಬೇಕು. ಇದನ್ನ ಓದಿದ ಮೇಲೆ ನನ್ನ ಫೋಲ್ಡರ್ ತೆಗೆದು ನೋಡಿದೆ. ಊರ ಹೆಸರಿಗೆ ಅಂಟಿಕೊಂಡ ಒಂದು ಗುಡ್ಡ ಬಿಟ್ಟರೆ ಸುತ್ತ ಎರೆ ಬಯಲೇ ಇರುವ ನವಲಗುಂದದಲ್ಲಿ ಕೂತು ನಾನು ಎಡಿಟ್ ಮಾಡುತ್ತಿದ್ದದ್ದು ಅಮೆರಿಕದ ಕಣಿವೆಗಳನ್ನ! ಅದೇ ಕಿತ್ತಳೆ, ಅದೇ ತಿಳಿ ನೀಲಿ. ನನ್ನ ಒರಾಯನ್ನೂ ಟೆಕ್ಸಾಸಿನವನ ಒರಾಯನ್ನೂ ಪಕ್ಕಪಕ್ಕ ಇಟ್ಟರೆ ನನಗೇ ಗುರುತು ಸಿಗುವುದಿಲ್ಲ.

ಹಣಮಪ್ಪನ ಗುಡಿಯನ್ನು ನಾನು ಸೇರಿಸಿದ್ದು ಇದಕ್ಕೇ. ಫೋಟೋದಲ್ಲಿ ನನ್ನ ಊರು ಇರಲಿಲ್ಲ, ತಂದು ಅಂಟಿಸಿದೆ. ಗುಡಿಯನ್ನು ಸಂಜೆ ಅಗಲ ಲೆನ್ಸಿನಲ್ಲಿ ತೆಗೆದೆ. ನೀಹಾರಿಕೆಯನ್ನು ಅದೇ ರಾತ್ರಿ ಹೊಲದಿಂದ. ಆಕಾಶದಲ್ಲಿ ಆ ನೀಹಾರಿಕೆಯ ಹರವು ಹುಣ್ಣಿಮೆ ಚಂದ್ರನ ಅಗಲದ ಎರಡರಷ್ಟು, ಅಷ್ಟೇ. ನಾನು ಅದನ್ನ ಶಿಖರದಷ್ಟು ಹಿಗ್ಗಿಸಿದೆ. ದಿಕ್ಕಿನ ಬಗ್ಗೆ ಯೋಚನೆಯೇ ಬರಲಿಲ್ಲ. ಎರಡು ಚಿತ್ರ ಸೇರಿಸುವುದು ಅಪರಾಧ ಅಂತ ನಾನೇನೂ ಹೇಳುತ್ತಿಲ್ಲ. ಎಷ್ಟೋ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶವಿದೆ, ಹಾಗಂತ ಹೇಳಬೇಕು ಅಷ್ಟೇ. ನಾನು ಹೇಳಲಿಲ್ಲ. ಹೇಳದೇ 'ನಮ್ಮೂರ ಆಕಾಶ' ಅಂತ ಬರೆದೆ. ನಮ್ಮೂರಿನ ಒಬ್ಬ ಮನುಷ್ಯ ನೋಡಿ ನಮ್ಮೂರಿನದಲ್ಲ ಅಂದ. ಎರಡು ಚಿತ್ರ ಸೇರಿಸಿದ್ದಕ್ಕಿಂತ ನನಗೆ ಚುಚ್ಚಿದ್ದು ಆ ಎರಡು ಪದ.

ಹೇಳದೇ ಹೋದರೆ ಜನ ಎಷ್ಟನ್ನು ನಂಬುತ್ತಾರೆ ಅನ್ನುವುದಕ್ಕೆ 2022ರ ಒಂದು ಪ್ರಸಂಗ. ಫ್ರಾನ್ಸಿನ ಭೌತವಿಜ್ಞಾನಿ ಎಟಿಯೆನ್ ಕ್ಲೈನ್, ಜೇಮ್ಸ್ ವೆಬ್ ದೂರದರ್ಶಕ ತೆಗೆದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ ಅಂತ ಒಂದು ಕೆಂಪು ಬಿಲ್ಲೆಯ ಫೋಟೋ ಹಾಕಿದರು. ಸಾವಿರಾರು ಜನ ಮೆಚ್ಚಿ ಹಂಚಿದರು. ಅದು ಚೊರಿಜೊ ಅನ್ನುವ ಮಾಂಸದ ಸಾಸೇಜಿನ ಒಂದು ಹೋಳು! ಆಮೇಲೆ ಕ್ಷಮೆ ಕೇಳಿದರು ಅನ್ನಿ. ಅವರದು ತಮಾಷೆ, ಎರಡು-ಮೂರು ದಿನಕ್ಕೆ ಮುಗಿಯಿತು. ನನ್ನದು ಯಾರದೋ ಲ್ಯಾಪ್‌ಟಾಪಿನಲ್ಲಿ ಇನ್ನೂ ಇದೆ.

ಇವೆರಡರ ನಡುವೆ, ನನಗೇ ಇನ್ನೂ ಪೂರ್ತಿ ಬಗೆಹರಿಯದ ಒಂದು ಜಾಗ ಇದೆ: ಎಐ ತಂತ್ರಾಂಶಗಳು. ಒಂದು ಗುಂಡಿ ಒತ್ತಿದರೆ ನಕ್ಷತ್ರಗಳು ಸೂಜಿಮೊನೆಯಾಗುತ್ತವೆ, ಮೋಡದ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ನನ್ನ ಲೆನ್ಸ್ ಹಿಡಿಯಲಾರದ ಎಳೆಗಳೂ! ದೊಡ್ಡ ದೂರದರ್ಶಕಗಳ ಚಿತ್ರ ನೋಡಿ ಕಲಿತ ಯಂತ್ರ, 'ಇಲ್ಲಿ ಹೀಗೆ ಇರಬೇಕು' ಅಂತ ಊಹಿಸಿ ತಿದ್ದಿದರೆ ಅದು ನನ್ನ ಫೋಟೋವೇ? ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಸಂಗೀತಕ್ಕೆ ಒಮ್ಮೆ ಹೋಗಿದ್ದೆ. ಒಬ್ಬರು ತಾನಗಳ ಮಳೆ ಸುರಿಸಿ ಎದ್ದು ಹೋದ ಮೇಲೆ ಪಕ್ಕದಲ್ಲಿ ಕೂತಿದ್ದ ಹಿರಿಯರು ಮೆಲ್ಲಗೆ ಅಂದರು: "ತಯಾರಿ ಭಾಳ ಅದ. ಸುರ ಎಲ್ಲೆದ?" ಹರಿತಗೊಳಿಸಿದ ನೀಹಾರಿಕೆಗಳನ್ನು ನೋಡಿದಾಗೆಲ್ಲ ನನಗೆ ಆ ಮಾತು ಕೇಳಿಸುತ್ತದೆ. ಮಸುಕು ತಗ್ಗಿಸುವ ಗುಂಡಿಯನ್ನು ನಾನು ಈಗಲೂ ಒತ್ತುತ್ತೇನೆ, ಸುಳ್ಳು ಹೇಳಲಾರೆ. ಆದರೆ ಒತ್ತುವ ಮುಂಚಿನದನ್ನೂ ಪಕ್ಕಕ್ಕೆ ಹಾಕುತ್ತೇನೆ.

ಹಾಗಾದರೆ ನವಲಗುಂದದ್ದೇ ಆದ ಫೋಟೋ ಯಾವುದು? ಅಂತರ್ಜಾಲದ ಪಾಠಗಳಲ್ಲಿ ಉತ್ತರ ಸಿಗುವುದಿಲ್ಲ, ಅವನ್ನು ಹೆಚ್ಚಾಗಿ ಬರೆದವರು ನಮಗಿಂತ ಬಹಳ ಉತ್ತರದವರು. ಅಲ್ಲಿ ಧ್ರುವ ನಕ್ಷತ್ರ ಆಕಾಶದ ನಡುಮಟ್ಟದಲ್ಲಿರುತ್ತದೆ. ನಮ್ಮಲ್ಲಿ ಅದು ದಿಗಂತದಿಂದ ಬರೀ ಹದಿನೈದೂವರೆ ಡಿಗ್ರಿ ಮೇಲೆ, ಒಂದು ಬೇವಿನ ಮರ ಅಡ್ಡ ಬಂದರೂ ಟ್ರ್ಯಾಕರ್ ಹೊಂದಿಸುವುದು ಕಷ್ಟ. ಕಲಘಟಗಿ ಕಡೆ ಕಾಡು, ಅಣ್ಣಿಗೇರಿಯಿಂದ ಮೂಡಣಕ್ಕೆ ಗದಗಿನ ಗಾಳಿಯಂತ್ರಗಳ ಕೆಂಪು ದೀಪ. ನಮ್ಮ ಹೊಲದಲ್ಲಿ ಮಾತ್ರ ದಕ್ಷಿಣಕ್ಕೆ ನೋಡಿದರೆ ನೆಲ-ಮುಗಿಲು ಕೂಡುವ ಗೆರೆಯವರೆಗೂ ಬಯಲು. ದಕ್ಷಿಣದ ಆಕಾಶಕ್ಕೆ ಇದಕ್ಕಿಂತ ಒಳ್ಳೆಯ ಕಿಟಕಿ ಬೇಕಾ? ನಾನು ಅದನ್ನ ಬಿಟ್ಟು ವರ್ಷಗಟ್ಟಲೆ ಪಾಠಗಳು ಹೇಳಿದ್ದನ್ನೇ ತೆಗೆಯುತ್ತಿದ್ದೆ.

ಕಳೆದ ಮೇ ತಿಂಗಳಲ್ಲಿ ಒಮೆಗಾ ಸೆಂಟಾರಿ ತೆಗೆದೆ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿರುವ, ಹತ್ತಿರಹತ್ತಿರ ಒಂದು ಕೋಟಿ ನಕ್ಷತ್ರಗಳ ಗೋಳಾಕಾರದ ಗುಚ್ಛ. ಬರಿಗಣ್ಣಿಗೆ ಒಂದು ಮಸುಕು ಚಿಕ್ಕಿ. ಟಾಲೆಮಿ ಅದನ್ನ ನಕ್ಷತ್ರ ಅಂತಲೇ ಪಟ್ಟಿ ಮಾಡಿದ್ದ. ಹಾಗಲ್ಲ ಅಂತ 1677ರಲ್ಲಿ ಗುರುತಿಸಿದವನು ಎಡ್ಮಂಡ್ ಹ್ಯಾಲಿ, ಅದೂ ದಕ್ಷಿಣದ ಸೇಂಟ್ ಹೆಲೀನಾ ದ್ವೀಪಕ್ಕೆ ಹೋಗಿ. ಲಂಡನ್ನಿನಲ್ಲಿ ಅದು ಎಂದೂ ಹುಟ್ಟುವುದೇ ಇಲ್ಲ. ಪ್ಯಾರಿಸ್ಸಿನಲ್ಲಿದ್ದ ಮೆಸ್ಸಿಯೇಯ ಹೆಸರಾಂತ ಪಟ್ಟಿಯಲ್ಲೂ ಇಲ್ಲ, ಅವನಿಗೆ ಕಂಡೇ ಇರಲಿಲ್ಲ. ನಮಗೆ 27 ಡಿಗ್ರಿ ಮೇಲೆ ಬರುತ್ತದೆ, ಕೈ ಚಾಚಿ ಅಳೆದರೆ ಒಂದು ಗೇಣಿಗಿಂತ ತುಸು ಮೇಲೆ.

ಟ್ರ್ಯಾಕರ್ ಬೇಕಾಗಲಿಲ್ಲ. 50 ಮಿಲಿಮೀಟರ್ ಲೆನ್ಸ್, ಎಂಟು ಸೆಕೆಂಡಿನ ಒಂದೇ ಫ್ರೇಮ್. ಕೆಳಗೆ ರಂಟೆ ಹೊಡೆದು ಬಿಟ್ಟ ಕರಿ ಹೊಲ, ಒಂದು ಕರೆಂಟಿನ ಕಂಬ, ಬೇಸಿಗೆ ಧೂಳಿಗೆ ಕಂದಿದ ದಿಗಂತ. ಮೇಲೆ ಸಣ್ಣ ಹತ್ತಿಯ ಉಂಡೆಯಂಥ ಗುಚ್ಛ. ನಾನು ಹಿಗ್ಗಿಸಲಿಲ್ಲ, ಧೂಳನ್ನೂ ತೆಗೆಯಲಿಲ್ಲ. ಹತ್ತಿರದ್ದೊಂದು ಬೇಕು ಅನ್ನುವವರಿಗೆ 135ರ ಲೆನ್ಸಿನಲ್ಲಿ, ಟ್ರ್ಯಾಕರ್ ಹಚ್ಚಿ ತೆಗೆದದ್ದನ್ನು ಪಕ್ಕದಲ್ಲಿ ಬೇರೆ ಇಟ್ಟೆ. ಫೋಟೋ ಆಗಿ ಇದು ದೊಡ್ಡದೇನಲ್ಲ. ಕಂಬ ಬೇಡವಾಗಿದ್ದ ಜಾಗದಲ್ಲಿದೆ, ಗುಚ್ಛ ಬಹಳ ಚಿಕ್ಕದು. ಲೈಕೂ ಹೇಳಿಕೊಳ್ಳುವಷ್ಟಿಲ್ಲ. ಆದರೆ ಟೆಕ್ಸಾಸಿನವನ ಫೋಟೋ ಜೊತೆ ಇದು ಅದಲು-ಬದಲಾಗುವುದಿಲ್ಲ.

ಹಳೇ ಫೋಟೋ ಅಳಿಸಲಿಲ್ಲ. ಕ್ಯಾಪ್ಶನ್ ಬದಲಿಸಿ, ಎರಡು ಚಿತ್ರ ಸೇರಿಸಿದ್ದು, ದಿಕ್ಕು ಅಳತೆ ಎರಡೂ ತಪ್ಪು, ಬಣ್ಣ ಸರಿ ಅಂತ ಬರೆದೆ. ವಾಲ್‌ಪೇಪರ್ ಮಾಡಿಕೊಂಡವರಿಗೂ ಹೇಳಿದೆ. "ಇರಲಿ ಬಿಡಿ, ಚೆನ್ನಾಗಿದೆ" ಅಂದರು.

ಹೊಸ ಫೋಟೋ ತೆಗೆದ ಮರುದಿನ ಕಾಕಾಗೆ ತೋರಿಸಿದೆ. ಮೊದಲು ಹತ್ತಿರದ್ದು.

"ಇದೇನೋ, ರವಾ ಚೆಲ್ಲಿದಂಗ ಐತಿ?"

ಆಮೇಲೆ ಹೊಲದ್ದು. ಕಂಬ ನೋಡಿದ ಕೂಡಲೇ ಜಾಗ ಗುರುತಿಸಿದರು. ಗುಚ್ಛದ ಮೇಲೆ ಬೆರಳಿಟ್ಟು, ಕಂಬಕ್ಕೂ ಅದಕ್ಕೂ ಇರುವ ಅಂತರ ನೋಡಿದರು.

"ಎಷ್ಟು ಹೊತ್ತಿಗಿ ತಗದಿ?"

"ರಾತ್ರಿ ಹತ್ತರ ಸುಮಾರಿಗೆ ಕಾಕಾ."

ಆವತ್ತು ಊಟ ಮುಗಿದ ಮೇಲೆ ಟಾರ್ಚ್ ಹಿಡಿದು ಹೊಲದ ಕಡೆ ಹೊರಟರು. ನನ್ನನ್ನ ಕರೆಯಲಿಲ್ಲ, ನಾನೇ ಹಿಂದೆ ಹೋದೆ. ಕಂಬದ ಹತ್ತಿರ ನಿಂತು, ಟಾರ್ಚ್ ಆರಿಸಿ, ದಕ್ಷಿಣಕ್ಕೆ ನೋಡುತ್ತ ನಿಂತರು.