ಕಾರ್ಟೂನು ರಂಗಕ್ಕೆ ಬಂದಾಗ ತಾಳ ಯಾರ ಕೈಯಲ್ಲಿ?

ರಾಜ್ಯೋತ್ಸವ, ವಾರ್ಷಿಕೋತ್ಸವಗಳು ಹತ್ತಿರವಾದವೆಂದರೆ ಮುಂಬಯಿ ಉಪನಗರಗಳ ನಮ್ಮ ಸಂಘಗಳಲ್ಲಿ ಮಕ್ಕಳ ನಾಟಕದ ಮಾತು ಏಳುತ್ತದೆ. ಹಿಂದೆ ಆ ಮಾತು ‘ಯಾವ ನಾಟಕ?’ ಎಂಬಲ್ಲಿಂದ ಸುರುವಾಗುತ್ತಿತ್ತು. ಈಚೆಗೆ ಅದನ್ನು ಮಕ್ಕಳೇ ತೀರ್ಮಾನಿಸಿಬಿಟ್ಟಿರುತ್ತಾರೆ. ನೂರು ಸಲ ಕಂಡ ಕಾರ್ಟೂನು ಚಿತ್ರವೇ ಆಗಬೇಕು. ಸಿಂಹದ ಮರಿಯೋ, ಮತ್ಸ್ಯಕನ್ಯೆಯೋ, ಅಲ್ಲಾವುದ್ದೀನನೋ. ಇದರಲ್ಲಿ ಹಿರಿಯರು ಮುನಿಸಿಕೊಳ್ಳುವಂಥದೇನೂ ಇಲ್ಲ. ನಮ್ಮ ಕಿಂದರಿಜೋಗಿ ಕೂಡ ಜರ್ಮನಿಯ ಹ್ಯಾಮೆಲಿನ್ ಊರಿನವನು. ಬ್ರೌನಿಂಗ್ ಕವಿಯ ಕೈಹಿಡಿದು ಕುವೆಂಪು ಅವರ ಬೊಮ್ಮನಹಳ್ಳಿಗೆ ಬಂದವನು. ಕಥೆ ಎಲ್ಲಿಂದ ಬಂತೆಂಬುದು ದೊಡ್ಡ ಪ್ರಶ್ನೆಯಲ್ಲ. ಅದನ್ನು ರಂಗದ ಮೇಲೆ ತರುವ ಕೆಲಸವನ್ನು ಯಾರಿಗೆ ಒಪ್ಪಿಸುತ್ತೇವೆ ಎಂಬುದೇ ದೊಡ್ಡ ಪ್ರಶ್ನೆ. ಅದನ್ನು ಮಾತ್ರ ನಾವು ಕಡಿಮೆ ದರ ಬರೆದವನಿಗೆ ಗುತ್ತಿಗೆ ಕೊಡುವ ಕಚೇರಿಯ ರೀತಿಯಲ್ಲಿ ಮುಗಿಸಿಬಿಡುತ್ತೇವೆ. ಶನಿವಾರ, ಭಾನುವಾರ ಬಿಡುವಿರುವವರು ಯಾರು? ವೇಷಭೂಷಣದ ಅಂಗಡಿಯವರ ಪರಿಚಯವಿರುವವರು ಯಾರು? ಇಷ್ಟು ವಿಚಾರಿಸಿದರೆ ನಿರ್ದೇಶಕರು ಗೊತ್ತಾದರು!

ಇಂಥ ನಾಟಕಗಳಿಗೆ ಕೋಟಿಗಟ್ಟಲೆ ಸುರಿಯುವ ಡಿಸ್ನಿ ಕಂಪೆನಿ ನಿರ್ದೇಶಕರನ್ನು ಹೇಗೆ ಆರಿಸಿತೆಂಬುದನ್ನು ನೋಡುವುದು ಇಲ್ಲಿ ಉಪಯುಕ್ತ. ಅದರ ಮೊದಲ ಬ್ರಾಡ್‌ವೇ ನಾಟಕ ‘ಬ್ಯೂಟಿ ಅಂಡ್ ದ ಬೀಸ್ಟ್’ ರಂಗಕ್ಕೆ ಬಂದದ್ದು 1994ರಲ್ಲಿ. ನಿರ್ದೇಶಕ ರಾಬರ್ಟ್ ಜೆಸ್ ರಾತ್, ಕಂಪೆನಿಯ ವಿಹಾರೋದ್ಯಾನಗಳಲ್ಲಿ ಪ್ರದರ್ಶನಗಳನ್ನು ಮಾಡಿಸಿ ಪಳಗಿದವರು. ಪರದೆಯ ಮೇಲೆ ಕಂಡದ್ದನ್ನೇ ಆದಷ್ಟು ಮಟ್ಟಿಗೆ ರಂಗದ ಮೇಲೆ ಕಾಣಿಸುವುದು ಅವರ ದಾರಿ. ಆ ನಾಟಕ 13 ವರ್ಷ ನಡೆಯಿತು. ಆದರೆ ‘ದ ಲಯನ್ ಕಿಂಗ್’ ಸರದಿ ಬಂದಾಗ ಕಂಪೆನಿ ಕರೆದದ್ದು ಜೂಲಿ ಟೇಮರ್ ಎಂಬಾಕೆಯನ್ನು. ಆಕೆ ಪ್ಯಾರಿಸ್ಸಿನಲ್ಲಿ ಮೂಕಾಭಿನಯ ಕಲಿತವರು, ಇಂಡೋನೇಷ್ಯದಲ್ಲಿ ವರ್ಷಗಟ್ಟಲೆ ಇದ್ದು ಮುಖವಾಡ, ಬೊಂಬೆಗಳ ಕಲೆಯನ್ನು ಹತ್ತಿರದಿಂದ ಕಂಡವರು. 1997ರಲ್ಲಿ ಬಂದ ಆ ನಾಟಕದಲ್ಲಿ ಸಿಂಹದ ಮುಖವಾಡ ನಟನ ಮುಖವನ್ನು ಮುಚ್ಚುವುದಿಲ್ಲ. ತಲೆಯ ಮೇಲೆ ನಿಲ್ಲುತ್ತದೆ. ಸಿಂಹವೂ ಕಾಣುತ್ತದೆ, ಮನುಷ್ಯನೂ ಕಾಣುತ್ತಾನೆ. ಜಿರಾಫೆ ಎಂದರೆ ಕೈಕಾಲಿಗೆ ಮರಗಾಲು ಕಟ್ಟಿಕೊಂಡ ನಟ. ಇದನ್ನು ಯಾರೂ ಬಚ್ಚಿಡುವುದಿಲ್ಲ. ಆಫ್ರಿಕದ ಲೆಬೊ ಎಂ. ಕಟ್ಟಿದ ಮೇಳಗಾನ ಕಥೆಯನ್ನು ಎತ್ತಿ ಹಿಡಿಯುತ್ತದೆ. 1998ರಲ್ಲಿ ಸಂಗೀತನಾಟಕದ ನಿರ್ದೇಶನಕ್ಕಾಗಿ ಟೋನಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಆಕೆಯೇ.

ಮುಂದೆ ಅದೇ ಕಂಪೆನಿ ‘ಟಾರ್ಜನ್’ ನಾಟಕವನ್ನು ಹೆಸರಾಂತ ರಂಗಸಜ್ಜಿಕೆಗಾರ ಬಾಬ್ ಕ್ರೌಲಿಗೆ ಒಪ್ಪಿಸಿತು. 2006ರಲ್ಲಿ ತೆರೆ ಎದ್ದದ್ದು ಮರುವರ್ಷ ಬಿತ್ತು. ‘ದ ಲಿಟಲ್ ಮರ್ಮೇಡ್’ ಒಪೆರಾ ನಿರ್ದೇಶಕಿ ಫ್ರಾನ್ಸೆಸ್ಕಾ ಜಾಂಬೆಲೋ ಪಾಲಿಗೆ ಬಂತು. ಸಮುದ್ರದೊಳಗಿನ ಜೀವಿಗಳು ಚಕ್ರದ ಪಾದರಕ್ಷೆ ತೊಟ್ಟು ಜಾರಿದವು. 2008ರಲ್ಲಿ ಬಂದ ನಾಟಕ 2009ರಲ್ಲಿ ನಿಂತಿತು. ಹಣ ಅದೇ, ಕಂಪೆನಿ ಅದೇ, ಬದಲಾದದ್ದು ನಿರ್ದೇಶಕ. ವಿಜ್ಞಾನ ಓದಿದ ನಮಗೆ ಇದು ಪ್ರಯೋಗಶಾಲೆಯಷ್ಟು ಚೊಕ್ಕವಾದ ಪ್ರಯೋಗವಲ್ಲವೆಂಬುದು ಗೊತ್ತಿದೆ. ಕಥೆಗಳೂ ಬೇರೆ, ಕಾಲವೂ ಬೇರೆ. ಆದರೂ ಒಂದು ಸೂಚನೆ ಇದೆ. ದೊಡ್ಡ ಹೆಸರು ಬೇರೆ, ಆ ಕಥೆಗೆ ಒದಗುವ ಕೈ ಬೇರೆ.

‘ಬ್ಯೂಟಿ ಅಂಡ್ ದ ಬೀಸ್ಟ್’ ಪರದೆಯನ್ನೇ ಅನುಕರಿಸಿ 13 ವರ್ಷ ನಡೆಯಲಿಲ್ಲವೆ ಎಂದು ವಾಚಕರು ಕೇಳಬಹುದು. ನಿಜ. ಆದರೆ ಅನುಕರಣೆಗೆ ಹಣ ಬೇಕು. 2015ರಲ್ಲಿ ಅದೇ ನಾಟಕ ವಿಕ್ರಾಂತ್ ಪವಾರ್ ನಿರ್ದೇಶನದಲ್ಲಿ ವರಳಿಯಲ್ಲಿ ನಡೆಯಿತು. 2018ರಲ್ಲಿ ಶ್ರುತಿ ಶರ್ಮ ನಿರ್ದೇಶಿಸಿದ ‘ಅಲ್ಲಾದಿನ್’ ನರೀಮನ್ ಪಾಯಿಂಟಿನ ಎನ್.ಸಿ.ಪಿ.ಎ.ಯಲ್ಲಿ ಆಡಿತು. ಅವುಗಳ ವೈಭವವೇ ಬೇರೆ. ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರವನ್ನೋ ಕಲ್ಯಾಣದ ಅತ್ರೆ ರಂಗಮಂದಿರವನ್ನೋ ಒಂದು ಹೊತ್ತಿಗೆ ಬಾಡಿಗೆ ಹಿಡಿಯುವ ನಾವು ಆ ದಾರಿಯಲ್ಲಿ ಹೊರಟರೆ, ಬಾಡಿಗೆಯ ಉಣ್ಣೆವೇಷದೊಳಗೆ ಬೆವರುವ ಮಗು ಮಾತ್ರ ಉಳಿಯುತ್ತದೆ. ಟೇಮರ್ ಅವರ ದಾರಿ ಬಡವರಿಗೂ ತೆರೆದದ್ದು. ಅದಕ್ಕೆ ಬೇಕಾದದ್ದು ಬಿದಿರು, ಬಟ್ಟೆ, ಮತ್ತು ಕಲ್ಪನೆ.

ಈ ದಾರಿ ನಮಗೆ ಹೊಸದೂ ಅಲ್ಲ. ಕರಾವಳಿಯಿಂದ ಬಂದ ನಮ್ಮ ಓದುಗರಿಗೆ ಹುಲಿವೇಷವನ್ನು ವಿವರಿಸಬೇಕೆ? ಮೈಗೆ ಬಣ್ಣ ಬಳಿದವನು ನೆರೆಮನೆಯವನೆಂದು ಎಲ್ಲರಿಗೂ ಗೊತ್ತು. ತಾಸೆಯ ಪೆಟ್ಟು ಬಿದ್ದೊಡನೆ ಅವನು ಹುಲಿ. ಯಕ್ಷಗಾನದಲ್ಲಿ ಇನ್ನೂ ಒಂದು ಪಾಠವಿದೆ. ಅಲ್ಲಿ ಭಾಗವತನನ್ನು ಮೊದಲನೆಯ ವೇಷವೆಂದು ಕರೆಯುತ್ತಾರೆ. ಹಾಡುವವನು ಅವನು, ತಾಳ ಹಿಡಿಯುವವನು ಅವನು, ಪಾತ್ರವನ್ನು ಕುಣಿಸುವವನೂ ನಿಲ್ಲಿಸುವವನೂ ಅವನೇ. ಹಾಡಿನಿಂದ ನಡೆಯುವ ನಾಟಕಕ್ಕೆ ಹಾಡು ಬಲ್ಲವನೇ ಯಜಮಾನ ಎಂಬುದು ನಮ್ಮ ಪರಂಪರೆಯ ತೀರ್ಪು.

ಈ ತೀರ್ಪಿಗೆ ನಮ್ಮ ಕಾಲದ ದೊಡ್ಡ ಸಾಕ್ಷಿ ಬಿ. ವಿ. ಕಾರಂತರು. ಬಂಟ್ವಾಳದ ಕಡೆಯ ಹುಡುಗ ಗುಬ್ಬಿ ಕಂಪೆನಿ ಸೇರಿದರು, ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು, 1977ರಲ್ಲಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಅಷ್ಟೆಲ್ಲ ಎತ್ತರದಲ್ಲಿದ್ದೂ ಮಕ್ಕಳ ನಾಟಕವನ್ನು ಕಿರಿಯ ಕೆಲಸವೆಂದು ಎಣಿಸಲಿಲ್ಲ. ರವೀಂದ್ರರ ಕಥೆಯಿಂದ ಬಂದ ಅವರ ‘ಪಂಜರ ಶಾಲೆ’ಯಲ್ಲಿ ಪಂಡಿತರು ಗಿಳಿಗೆ ವಿದ್ಯೆ ಕಲಿಸುವ ಭರದಲ್ಲಿ ಅದರ ಗಂಟಲಿಗೆ ಕಾಗದ ತುರುಕುತ್ತಾರೆ. ಎಲ್ಲರೂ ಪಂಜರವನ್ನು ಹೊಗಳುತ್ತಾರೆ. ಗಿಳಿ ಹಾಡುವುದನ್ನು ನಿಲ್ಲಿಸಿದ್ದನ್ನು ಯಾರೂ ಗಮನಿಸುವುದಿಲ್ಲ.

ಈ ಗಿಳಿಯ ನೆನಪಾಗುವಂಥ ಪ್ರಯೋಗವೊಂದನ್ನು ನಾವು ಈಚೆಗೆ ನಮ್ಮ ಕಡೆಯ ಒಂದು ರಂಗಮಂದಿರದಲ್ಲಿ ಕಂಡೆವು. ಸಂಘದ ಹೆಸರು, ನಿರ್ದೇಶಕರ ಹೆಸರು ಇಲ್ಲಿ ಅನಾವಶ್ಯಕ, ದೋಷ ಒಬ್ಬರದಲ್ಲ. ಕಾಡಿನ ಪರದೆ ಚೆನ್ನಾಗಿತ್ತು, ವೇಷಗಳು ಹೊಳೆಯುತ್ತಿದ್ದವು. ಆದರೆ ಹಾಡು, ಮಾತು ಎಲ್ಲವೂ ಮೊದಲೇ ಮುದ್ರಿಸಿದ್ದು, ಹಾಡಿದವರು ದೊಡ್ಡವರು. ಮಕ್ಕಳು ತುಟಿ ಅಲುಗಿಸಿದರು. ಒಬ್ಬ ಹುಡುಗನ ತುಟಿ ಹಾಡಿಗಿಂತ ಒಂದು ಸಾಲು ಹಿಂದೆ ಬಿತ್ತು, ಸಭೆ ನಕ್ಕಿತು. ನಮಗೆ ನಗು ಬರಲಿಲ್ಲ. ಎರಡು ತಿಂಗಳ ತಾಲೀಮಿನಲ್ಲಿ ಆ ಹುಡುಗನ ಬಾಯಿಂದ ಒಂದು ಕನ್ನಡ ವಾಕ್ಯವೂ ಹೊರಬಂದಿರಲಾರದು.

ಇದು ಬರೇ ಕಲೆಯ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಠಾಕುರ್ಲಿ, ಡೊಂಬಿವಲಿಗಳ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಮೈದಾನದಲ್ಲಿ ಮರಾಠಿ, ಹಿಂದಿ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಉತ್ತರ ಇನ್ನೊಂದು ಭಾಷೆಯಲ್ಲಿ ಬರುತ್ತದೆ. ಊರಿಗೆ ಹೋದಾಗ ಅಜ್ಜಿಯ ಮುಂದೆ ಬಾಯಿ ಕಟ್ಟುತ್ತದೆ. ಇಂಥ ಮಗು ನಾಲ್ಕು ಜನರೆದುರು ಎದೆ ತುಂಬಿ ಕನ್ನಡ ಆಡುವ ಅವಕಾಶ ವರ್ಷಕ್ಕೊಮ್ಮೆ ಬರುವ ಈ ನಾಟಕದಲ್ಲಿದೆ. ಅದನ್ನೂ ಧ್ವನಿಮುದ್ರಣಕ್ಕೆ ಬಿಟ್ಟುಕೊಟ್ಟರೆ ನಾಟಕದ ಖರ್ಚು ಯಾತಕ್ಕೆ?

ಆದ್ದರಿಂದ ನಿರ್ದೇಶಕರನ್ನು ಗೊತ್ತುಮಾಡುವ ಮುಂಚೆ ಸಮಿತಿಯವರು ಮೂರು ಮಾತು ವಿಚಾರಿಸಲಿ. ಮೊದಲನೆಯದು, ಇವರು ಮಕ್ಕಳಿಂದಲೇ ಹಾಡಿಸಬಲ್ಲರೇ? ಶ್ರುತಿ ತುಸು ತಪ್ಪಿದರೂ ಚಿಂತೆಯಿಲ್ಲ. ಎರಡನೆಯದು, ‘ಅ’ಕಾರ ‘ಹ’ಕಾರ, ‘ಲ’ ‘ಳ’ ತಿದ್ದುವ ತಾಳ್ಮೆ ಇವರಿಗಿದೆಯೇ? ಮೂರನೆಯದು, ಕಾರ್ಟೂನನ್ನು ಬದಿಗಿಟ್ಟು ಕಥೆಯನ್ನು ಮಾತ್ರ ಇಟ್ಟುಕೊಳ್ಳುವ ಧೈರ್ಯ ಇವರಿಗಿದೆಯೇ? ಈ ಮೂರಕ್ಕೂ ಹೌದೆನ್ನುವವರು ಹೆಸರಾಂತ ಕಲಾವಿದರೇ ಆಗಬೇಕಿಲ್ಲ. ಭಜನಾ ಮಂಡಳಿಯಲ್ಲಿ ತಾಳ ಹಿಡಿಯುವ ಮಾವನೋ, ನಿವೃತ್ತ ಕನ್ನಡ ಶಾಲೆಯ ಟೀಚರೋ, ಹವ್ಯಾಸಿ ಯಕ್ಷಗಾನ ಮೇಳದ ಭಾಗವತರೋ ನಮ್ಮ ನಡುವೆಯೇ ಇದ್ದಾರು.

ಕಾರ್ಟೂನೇ ಬೇಕೆಂದು ಮಕ್ಕಳು ಹಟ ಹಿಡಿದರೆ ಅದಕ್ಕೂ ದಾರಿಯಿದೆ. ನಮ್ಮ ಗೋವಿನ ಹಾಡಿನ ಕಥೆ 2020ರಲ್ಲಿ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಕಾರ್ಟೂನು ಚಿತ್ರವಾಗಿದೆ. ರವಿಶಂಕರ್ ನಿರ್ದೇಶನ, ಇಳಯರಾಜಾ ಸಂಗೀತ. ಮಕ್ಕಳು ಅದನ್ನು ನೋಡಲಿ. ಆಮೇಲೆ ಹಸು ಹುಲಿಗಳು ರಂಗದ ಮೇಲೆ ತಮ್ಮ ಮಾತೃಭಾಷೆಗೆ ಮರಳಲಿ. ಹುಲಿಗೆ ತಾಸೆ ಸಾಕು, ಹಸುವಿಗೆ ಒಂದು ಬಿಳಿ ಪಂಚೆ ಸಾಕು. ಹಾಡು ಮಾತ್ರ ಮಕ್ಕಳ ಗಂಟಲಿನಿಂದಲೇ ಬರಬೇಕು.